ಸುತ್ತಿಗೆಯ ಸದ್ದು ಕೇಳಿದವರಾರು?

ಪ್ರೌಢಶಾಲೆಯ ಚರಿತ್ರೆಯಲ್ಲಿ ಯುರೋಪಿನ ಧರ್ಮ ಸುಧಾರಣೆಯ ಪಾಠ ಬಂದಾಗ ಒಂದು ವಾಕ್ಯ ತಪ್ಪದೇ ಬರುತ್ತದೆ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಎಂಬ ಸನ್ಯಾಸಿ ಜರ್ಮನಿಯ ವಿಟೆನ್‌ಬರ್ಗ್ ಪಟ್ಟಣದ ಚರ್ಚಿನ ಬಾಗಿಲಿಗೆ 95 ಹೇಳಿಕೆಗಳ ಹಾಳೆಯೊಂದನ್ನು ಮೊಳೆ ಹೊಡೆದು ತೂಗುಹಾಕಿದ. ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ಉತ್ತರ ಬರೆದರೆ ಅಂಕ ಸಿಕ್ಕಿತು, ಪುಟ ತಿರುಗಿತು. ಅದು ಯಾರ ಚರ್ಚು, ಊರಿನಲ್ಲಿ ಇಷ್ಟೊಂದು ಗೋಡೆಗಳಿರುವಾಗ ಆ ಬಾಗಿಲೇ ಏಕೆ ಬೇಕಾಯಿತು, ಆ ಬಾಗಿಲು ಈಗ ಎಲ್ಲಿದೆ ಎಂದು ಕೇಳುವಷ್ಟು ಬಿಡುವು ಪಾಠಕ್ಕೂ ಇರುವುದಿಲ್ಲ, ಮೇಷ್ಟರಿಗೂ ಇರುವುದಿಲ್ಲ.

ಕೇಳಿದರೆ ಸಿಗುವ ಉತ್ತರಗಳು ಸ್ವಾರಸ್ಯವಾಗಿವೆ. ಆ ಬಾಗಿಲು ಈಗಿಲ್ಲ. ಮೊಳೆ ಹೊಡೆದದ್ದನ್ನು ಕಂಡೆ ಎಂದು ಹೇಳಿದವರು ಒಬ್ಬರೂ ಇಲ್ಲ. ಇನ್ನು ಆ ಚರ್ಚು, ಊರಿನ ಜನ ಪ್ರತಿ ಭಾನುವಾರ ಸೇರುತ್ತಿದ್ದ ಊರ ಚರ್ಚೂ ಅಲ್ಲ. ಅದು ಅರಮನೆಯ ಪ್ರಾರ್ಥನಾ ಮಂದಿರ, ಅನಂತರ ವಿಶ್ವವಿದ್ಯಾಲಯದ ಮಂದಿರ, ಆ ಬಳಿಕ ಪಾದ್ರಿಗಳಾಗುವ ತರುಣರಿಗೆ ತರಬೇತಿ ಕೊಡುವ ಸೆಮಿನರಿಯ ಮಂದಿರ. ಐನೂರು ವರ್ಷಗಳ ಅದರ ಬಾಳಿನಲ್ಲಿ ಹೆಚ್ಚಿನ ಭಾಗ ವಿದ್ಯಾರ್ಥಿಗಳ ಜೊತೆಯಲ್ಲೇ ಕಳೆದಿದೆ.

ರಾಜನ ಗುಡ್ಡೆ, ರಾಜನ ಶಾಲೆ

ವಿಟೆನ್‌ಬರ್ಗ್ ಎಲ್ಬೆ ನದಿಯ ದಂಡೆಯ ಸಣ್ಣ ಊರು. ಬರ್ಲಿನ್ನಿಂದ ನೈಋತ್ಯಕ್ಕೆ ಸುಮಾರು ನೂರು ಕಿಲೋಮೀಟರ್. ಹದಿನೈದನೆಯ ಶತಮಾನದ ಕೊನೆಯಲ್ಲಿ ಸ್ಯಾಕ್ಸನಿಯ ದೊರೆ ಮೂರನೆಯ ಫ್ರೆಡರಿಕ್ ಇಲ್ಲೊಂದು ಹೊಸ ಕೋಟೆ ಕಟ್ಟಿಸಲು ಹೊರಟ. ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಮಂದಿಯಲ್ಲಿ ಅವನೂ ಒಬ್ಬ. ಇತಿಹಾಸ ಅವನನ್ನು ‘ವಿವೇಕಿ ಫ್ರೆಡರಿಕ್’ ಎಂದು ಕರೆಯುತ್ತದೆ. ಕೋಟೆಯ ಉತ್ತರದ ಮಗ್ಗುಲನ್ನೇ ಅವನು ಚರ್ಚಾಗಿ ಕಟ್ಟಿಸಿದ. ಅದಕ್ಕೆ ಸಕಲ ಸಂತರ ಹೆಸರಿಟ್ಟ. 1503ರಲ್ಲಿ ಅದರ ಪ್ರತಿಷ್ಠೆಯಾಯಿತು, ಕೆಲಸ ಮಾತ್ರ ಇನ್ನೂ ಕೆಲವು ವರ್ಷ ನಡೆಯಿತು.

ಫ್ರೆಡರಿಕನಿಗೆ ಎರಡು ಹುಚ್ಚುಗಳಿದ್ದವು. ಒಂದು, ಸಂತರ ಅವಶೇಷಗಳನ್ನು ಕೂಡಿಹಾಕುವುದು. ಸಂತರ ಮೂಳೆ, ಹಲ್ಲು, ಬಟ್ಟೆಯ ಚೂರು, ಯೇಸು ಹುಟ್ಟಿದ ಗೋದಲಿಯದೆಂದು ಹೇಳಲಾದ ಹುಲ್ಲು, ಮುಳ್ಳಿನ ಕಿರೀಟದ್ದೆಂದು ಹೇಳಲಾದ ಒಂದು ಮುಳ್ಳು, ಹೀಗೆ ಏನುಂಟು ಏನಿಲ್ಲ! 1509ರಲ್ಲಿ ಅಚ್ಚಾದ ಪಟ್ಟಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ವಸ್ತುಗಳಿದ್ದವು. ಅದಕ್ಕೆ ಚಿತ್ರ ಬರೆದವನು ಆಸ್ಥಾನ ಕಲಾವಿದ ಲೂಕಾಸ್ ಕ್ರಾನಾಖ್. 1520ರ ಹೊತ್ತಿಗೆ ಸಂಗ್ರಹ ಸುಮಾರು 19 ಸಾವಿರಕ್ಕೆ ಏರಿತ್ತು. ವರ್ಷದ ಗೊತ್ತಾದ ದಿನಗಳಲ್ಲಿ ಇವನ್ನು ಜನರ ದರ್ಶನಕ್ಕೆ ಇಡುತ್ತಿದ್ದರು. ಭಕ್ತಿಯಿಂದ ಎಲ್ಲವನ್ನೂ ನೋಡಿ ಕಾಣಿಕೆ ಒಪ್ಪಿಸಿದವನಿಗೆ, ಸತ್ತ ಮೇಲೆ ಆತ್ಮವು ಬೆಂದು ಶುದ್ಧವಾಗುವ ಲೋಕದಲ್ಲಿ ಕಳೆಯಬೇಕಾದ ಕಾಲದಿಂದ ಹತ್ತೊಂಬತ್ತು ಲಕ್ಷ ವರ್ಷಕ್ಕೂ ಹೆಚ್ಚು ವಜಾ ಎಂದು ಲೆಕ್ಕ ಹಾಕಿಟ್ಟಿದ್ದರು. ಗುಮಾಸ್ತರ ಈ ಲೆಕ್ಕ ಇಂದಿನವರಿಗೆ ನಗು ತರಿಸಬಹುದು. ಮೈಲುಗಟ್ಟಲೆ ನಡೆದು ಬಂದು ಸಾಲಿನಲ್ಲಿ ನಿಂತ ಬಡವನಿಗೆ ಅದು ನಗುವ ವಿಷಯವಾಗಿರಲಿಲ್ಲ.

ದೊರೆಯ ಎರಡನೆಯ ಹುಚ್ಚು ವಿದ್ಯೆಯದು. 1502ರಲ್ಲಿ ಅವನು ಈ ಮೂಲೆಯ ಊರಿಗೊಂದು ವಿಶ್ವವಿದ್ಯಾಲಯ ತಂದ. ಶಾಲೆ ನಡೆಸಲು ಹಣ ಬೇಕಲ್ಲ? ಚರ್ಚಿನ ಉಂಬಳಿಗಳ ವರಮಾನವನ್ನೇ ಅದಕ್ಕೆ ಜೋಡಿಸಿದ. 1507ರಲ್ಲಿ ಚರ್ಚು ವಿಶ್ವವಿದ್ಯಾಲಯಕ್ಕೆ ಸೇರಿತು. ಚರ್ಚಿನ ಹುದ್ದೆಯಲ್ಲಿದ್ದವರೇ ತರಗತಿಯಲ್ಲಿ ಪಾಠ ಹೇಳಿದರು. ಪದವಿ ಪ್ರದಾನವೂ ಪೂಜೆಯೂ ಒಂದೇ ಮಾಡಿನ ಕೆಳಗೆ ನಡೆದವು.

1512ರ ಅಕ್ಟೋಬರಿನಲ್ಲಿ ಹೀಗೆ ಪದವಿ ಪಡೆದವರಲ್ಲಿ 28 ವರ್ಷದ ಲೂಥರ್ ಒಬ್ಬ. ಮಕ್ಕಳ ಶುಲ್ಕ ಕಟ್ಟಿ ಬೇಸತ್ತ ತಂದೆತಾಯಂದಿರು ಇಲ್ಲೊಂದು ಸಂಗತಿ ಗಮನಿಸಬಹುದು. ಡಾಕ್ಟರ್ ಪದವಿಗೆ ಬೇಕಾಗಿದ್ದ 50 ಗುಲ್ಡೆನ್ ಆ ಸನ್ಯಾಸಿಯ ಬಳಿ ಇರಲಿಲ್ಲ. ದೊರೆ ಫ್ರೆಡರಿಕನೇ ಕೊಟ್ಟ. ಅದನ್ನು ಪಡೆಯಲು ಲೂಥರ್ ಲೈಪ್‌ಜಿಗ್‌ವರೆಗೆ ಹೋಗಬೇಕಾಯಿತು. ಹಣ ಮುಟ್ಟಿತೆಂದು ಅವನು ಕೈಯಾರೆ ಬರೆದುಕೊಟ್ಟ ರಸೀದಿ ಉಳಿದುಬಂದಿದೆ. ಮುಂದೆ ಯಾವ ಮಂದಿರದ ಅವಶೇಷಗಳ ಮಹಿಮೆಗೆ ಅವನ ಬರಹದಿಂದ ಪೆಟ್ಟು ಬಿತ್ತೋ, ಆ ಮಂದಿರದ ಒಡೆಯನ ವಿದ್ಯಾರ್ಥಿವೇತನದಿಂದಲೇ ಅವನು ಡಾಕ್ಟರ್ ಆದದ್ದು.

ಬಾಗಿಲೆಂಬ ನೋಟೀಸ್ ಬೋರ್ಡು

ಆ ಕಾಲದ ವಿಶ್ವವಿದ್ಯಾಲಯದಲ್ಲಿ ವಾದ ಮಾಡುವುದು ಪಾಠದ ಭಾಗವೇ ಆಗಿತ್ತು. ಪ್ರಾಧ್ಯಾಪಕನೊಬ್ಬ ಒಂದು ವಿಷಯದ ಮೇಲೆ ಚಿಕ್ಕಚಿಕ್ಕ ಹೇಳಿಕೆಗಳನ್ನು ಬರೆಯುತ್ತಿದ್ದ. ಗೊತ್ತಾದ ದಿನ ಅವನ್ನು ಒಬ್ಬರು ಸಮರ್ಥಿಸಬೇಕು, ಮಿಕ್ಕವರು ಖಂಡಿಸಬೇಕು. ನಮ್ಮ ಹಳೆಯ ವಾಕ್ಯಾರ್ಥ ಗೋಷ್ಠಿಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಹೇಳಿಕೆಗಳನ್ನು ಮೊದಲೇ ಎಲ್ಲರಿಗೂ ತಿಳಿಸಬೇಕಲ್ಲ? ಅದಕ್ಕೆ ಅವನ್ನು ಊರಿನ ಚರ್ಚುಗಳ ಬಾಗಿಲಿಗೆ ಹಚ್ಚಬೇಕೆಂದು ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ನಿಯಮವೇ ಇತ್ತು. ಚರ್ಚಿಗೆ ಎಲ್ಲರೂ ಬರುತ್ತಾರೆ, ಬಾಗಿಲು ದೊಡ್ಡದು, ಹಾಳೆ ಎದ್ದು ಕಾಣುತ್ತದೆ. ಕಾಲೇಜಿನ ಕಾರಿಡಾರಿನಲ್ಲಿ ಪರೀಕ್ಷಾ ವೇಳಾಪಟ್ಟಿ ಹಾಕುವ ಹಲಗೆ ಇರುತ್ತದಲ್ಲ, ಅದೇ.

1517ರ ಏಪ್ರಿಲ್‌ನಲ್ಲೇ ಲೂಥರನ ಸಹೋದ್ಯೋಗಿ ಕಾರ್ಲ್‌ಸ್ಟಾಟ್ 151 ಹೇಳಿಕೆಗಳನ್ನು ಹೀಗೆ ಪ್ರಕಟಿಸಿದ್ದ. ಸೆಪ್ಟೆಂಬರಿನಲ್ಲಿ ಲೂಥರನೇ ಬೇರೊಂದು ವಿಷಯದ ಮೇಲೆ 97 ಹೇಳಿಕೆ ಬರೆದಿದ್ದ. ಆ ಎರಡರಿಂದಲೂ ಲೋಕ ಅಲ್ಲಾಡಲಿಲ್ಲ. ಅಕ್ಟೋಬರಿನ 95ರ ಕತೆ ಬೇರೆಯಾದದ್ದು ಅದರ ವಿಷಯದಿಂದ. ರೋಮಿನ ಸಂತ ಪೀಟರರ ಮಹಾದೇವಾಲಯ ಕಟ್ಟುವ ಹೆಸರಿನಲ್ಲಿ ಕ್ಷಮಾಪತ್ರಗಳ ಮಾರಾಟ ನಡೆದಿತ್ತು. ಹಣದ ಒಂದು ಪಾಲು ಮೈಂಜ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಫುಗ್ಗರ್ ಮನೆತನದ ಸಾಹುಕಾರರಲ್ಲಿ ಮಾಡಿದ್ದ ಸಾಲಕ್ಕೆ ಹೋಗುತ್ತಿತ್ತು. ಮಾರಾಟದ ಮುಂದಾಳು ಟೆಟ್ಸೆಲ್‌ಗೆ ಫ್ರೆಡರಿಕ್ ತನ್ನ ರಾಜ್ಯದೊಳಗೆ ಕಾಲಿಡಗೊಡಲಿಲ್ಲ. ಧರ್ಮನಿಷ್ಠೆಗಿಂತ ತನ್ನ ಚರ್ಚಿನ ಹುಂಡಿಗೆ ಬೀಳುವ ಕಾಣಿಕೆ ತಗ್ಗೀತೆಂಬ ಚಿಂತೆಯೂ ಅದಕ್ಕೆ ಕಾರಣವಾಗಿದ್ದಿರಬೇಕು. ವಿಟೆನ್‌ಬರ್ಗ್‌ನ ಜನ ಗಡಿ ದಾಟಿ ಹೋಗಿ ಪತ್ರ ಕೊಂಡುತಂದರು. ಪತ್ರ ಕೈಯಲ್ಲಿರುವಾಗ ಪಶ್ಚಾತ್ತಾಪ ಏಕೆ ಎಂಬ ಧಾಟಿ ಲೂಥರನನ್ನು ಕೆಣಕಿತು.

ಮರುದಿನ, ನವೆಂಬರ್ 1, ಸಕಲ ಸಂತರ ಹಬ್ಬ. ಚರ್ಚಿನ ಹೆಸರಿನ ಹಬ್ಬವೇ ಅದು. ಜನ ಸೇರುವ ಮುನ್ನಾದಿನ ಸಂಜೆ ಸನ್ಯಾಸಿಯೊಬ್ಬ ಸುತ್ತಿಗೆ ಹಿಡಿದು ಬಂದನೆಂಬ ಚಿತ್ರ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ!

ಸಾಕ್ಷಿ ಯಾರು?

1961ರಲ್ಲಿ ಕ್ಯಾಥೊಲಿಕ್ ಇತಿಹಾಸಕಾರ ಎರ್ವಿನ್ ಇಸರ್ಲೋ ಒಂದು ಉಪನ್ಯಾಸದಲ್ಲಿ ಈ ಚಿತ್ರವನ್ನೇ ಪ್ರಶ್ನಿಸಿದರು. ಲೂಥರ್ ಅಷ್ಟೊಂದು ಬರೆದವನು, ಊಟದ ಮೇಜಿನಲ್ಲಿ ಅವನು ಆಡಿದ ಮಾತುಗಳನ್ನೂ ಶಿಷ್ಯರು ಬರೆದಿಟ್ಟಿದ್ದಾರೆ. ಆದರೆ ಬಾಗಿಲಿಗೆ ಹಾಳೆ ಹಚ್ಚಿದೆ ಎಂದು ಅವನು ಎಲ್ಲೂ ಹೇಳಿಲ್ಲ. ಆ ಮಾತು ಬರುವುದು ಅವನ ಆಪ್ತ ಮೆಲಂಕ್ಟನ್‌ನ ಬರಹದಲ್ಲಿ. ಅದೂ 1546ರಲ್ಲಿ, ಲೂಥರ್ ತೀರಿಕೊಂಡ ಮೇಲೆ. ಮೆಲಂಕ್ಟನ್ ವಿಟೆನ್‌ಬರ್ಗ್‌ಗೆ ಬಂದದ್ದು 1518ರ ಆಗಸ್ಟ್‌ನಲ್ಲಿ. 1517ರ ಅಕ್ಟೋಬರಿನಲ್ಲಿ ಅವನು ಆ ಊರಿನಲ್ಲೇ ಇರಲಿಲ್ಲ!

ನಿಶ್ಚಯವಾಗಿ ಗೊತ್ತಿರುವುದು ಇಷ್ಟು. ಅಕ್ಟೋಬರ್ 31ರಂದು ಲೂಥರ್ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ಗೆ ವಿನಯದ, ಆದರೆ ಖಡಾಖಂಡಿತವಾದ ಒಂದು ಪತ್ರ ಬರೆದ, ಜೊತೆಗೆ ಹೇಳಿಕೆಗಳನ್ನೂ ಕಳಿಸಿದ. ಆ ಪತ್ರ ಈಗ ಸ್ಟಾಕ್‌ಹೋಮಿನಲ್ಲಿದೆ. ನವೆಂಬರ್ 11ರಂದು ಗೆಳೆಯ ಲಾಂಗ್‌ಗೆ ಒಂದು ಪ್ರತಿ ಕಳಿಸಿದ. ವರ್ಷ ಮುಗಿಯುವುದರೊಳಗೆ ನ್ಯೂರೆಂಬರ್ಗ್, ಲೈಪ್‌ಜಿಗ್, ಬಾಸೆಲ್‌ಗಳಲ್ಲಿ ಹೇಳಿಕೆಗಳು ಅಚ್ಚಾದವು. ಹೇಳಿಕೆಗಳಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ. ಹಬ್ಬಕ್ಕೆ ಬಂದ ರೈತ ಬಾಗಿಲ ಮುಂದೆ ನಿಂತು ಓದಿ ಕೆರಳಿದನೆಂಬುದು ಸಿನಿಮಾಕ್ಕೆ ಸರಿ. ಅವನ್ನು ಓದಬಲ್ಲವರು ವಿದ್ಯಾರ್ಥಿಗಳು, ಅಧ್ಯಾಪಕರು, ಪಾದ್ರಿಗಳು ಮಾತ್ರ. ವಿಚಿತ್ರವೆಂದರೆ ಯಾವ ವಾದಕ್ಕಾಗಿ ಅವು ಹುಟ್ಟಿದವೋ ಆ ವಾದ ವಿಟೆನ್‌ಬರ್ಗ್‌ನಲ್ಲಿ ನಡೆಯಲೇ ಇಲ್ಲ.

ಇಸರ್ಲೋ ಮಾತಿಗೆ ಜರ್ಮನಿಯಲ್ಲಿ ದೊಡ್ಡ ಗದ್ದಲವಾಯಿತು. ಒಂದು ಮೊಳೆಗಾಗಿ ವಿದ್ವಾಂಸರು ದಶಕಗಟ್ಟಲೆ ಜಗಳವಾಡಿದರು. 2006ರಲ್ಲಿ ಮತ್ತೊಂದು ಚೀಟಿ ಬೆಳಕಿಗೆ ಬಂತು. ಲೂಥರನ ಕಾರ್ಯದರ್ಶಿ ಗೇಯೋರ್ಗ್ ರೋರರ್ ಒಂದು ಹೊಸ ಒಡಂಬಡಿಕೆಯ ಪ್ರತಿಯಲ್ಲಿ ಕೈಯಲ್ಲಿ ಬರೆದಿಟ್ಟ ಟಿಪ್ಪಣಿ ಅದು. ಯೇನಾ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿತ್ತು. ಸಕಲ ಸಂತರ ಹಬ್ಬದ ಮುನ್ನಾದಿನ ವಿಟೆನ್‌ಬರ್ಗ್‌ನ ಚರ್ಚುಗಳ ಬಾಗಿಲಿಗೆ ಲೂಥರ್ ಹೇಳಿಕೆಗಳನ್ನು ಹಚ್ಚಿದನೆಂದು ಅದರಲ್ಲಿದೆ. ಮೆಲಂಕ್ಟನ್‌ನ ಬರಹಕ್ಕಿಂತ ಇದು ಹಳೆಯದು, ಲೂಥರ್ ಬದುಕಿದ್ದಾಗಿನದು. ಆದರೆ ರೋರರ್ ಊರಿಗೆ ಬಂದದ್ದು 1522ರಲ್ಲಿ. ಅವನೂ ಕಣ್ಣಾರೆ ಕಂಡವನಲ್ಲ.

‘ಚರ್ಚುಗಳ’ ಎಂಬ ಬಹುವಚನವನ್ನು ಮಾತ್ರ ಮರೆಯಬಾರದು. ವಿಶ್ವವಿದ್ಯಾಲಯದ ನಿಯಮದಲ್ಲಿರುವುದೂ ಬಹುವಚನವೇ. ಹಾಗಿದ್ದರೆ ಹಾಳೆ ಒಂದೇ ಬಾಗಿಲಿಗೆ ಸೀಮಿತವಾಗಿರಲಾರದು. ಇನ್ನೊಂದು ಮಾತೂ ನಿಯಮದಲ್ಲಿದೆ: ನೋಟೀಸು ಹಚ್ಚುವ ಕೆಲಸ ಪ್ರಾಧ್ಯಾಪಕನದಲ್ಲ, ವಿಶ್ವವಿದ್ಯಾಲಯದ ಜವಾನನದು. ನಿಯಮದಂತೆ ನಡೆದಿದ್ದರೆ, ಯುರೋಪಿನ ಚರಿತ್ರೆಯನ್ನು ಬದಲಿಸಿದ ಆ ಹಾಳೆಯನ್ನು ಬಾಗಿಲಿಗೆ ಹಚ್ಚಿದ ಕೈ ಒಬ್ಬ ಹೆಸರಿಲ್ಲದ ಅಟೆಂಡರನದು. ಅವನ ಕೈಯಲ್ಲಿದ್ದದ್ದು ಸುತ್ತಿಗೆಗಿಂತ ಅಂಟಿನ ಬಟ್ಟಲೇ ಇದ್ದೀತು. ಸುತ್ತಿಗೆ ಎತ್ತಿದ ವೀರ ಲೂಥರ್ ಜನಪ್ರಿಯನಾದದ್ದು ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರಿಂದ. ಫರ್ಡಿನಾಂಡ್ ಪೌವೆಲ್ಸ್ 1872ರಲ್ಲಿ ಬಿಡಿಸಿದ ಚಿತ್ರ ಅವುಗಳಲ್ಲಿ ಹೆಸರಾಂತದ್ದು.

ಬೆಂಕಿ, ಬೀಗ ಮತ್ತು ಒಂದು ಪರಿಹಾರ

ಮುಂದಿನ ಕತೆ ಬೇಗ ಬೇಗ ಸಾಗಿತು. 1521ರ ಕ್ರಿಸ್ಮಸ್ ದಿನ ಇದೇ ಮಂದಿರದಲ್ಲಿ ಕಾರ್ಲ್‌ಸ್ಟಾಟ್ ಪೂಜಾವಸ್ತ್ರ ತೊಡದೆ ಬಂದು, ಜರ್ಮನ್ ಮಾತು ಬಳಸಿ, ರೊಟ್ಟಿಯ ಜೊತೆಗೆ ದ್ರಾಕ್ಷಾರಸದ ಬಟ್ಟಲನ್ನೂ ಜನಸಾಮಾನ್ಯರ ಕೈಗೆ ಕೊಟ್ಟ. ಆಗಿನ ಕಾಲಕ್ಕೆ ಇದು ಹೇಳಿಕೆಗಳಿಗಿಂತ ಹೆಚ್ಚು ಕಣ್ಣಿಗೆ ಹೊಡೆದ ಕ್ರಾಂತಿ. ಅವಶೇಷಗಳ ಪ್ರದರ್ಶನ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. 1525ರಲ್ಲಿ ಫ್ರೆಡರಿಕನನ್ನು ಇಲ್ಲೇ ಮಣ್ಣು ಮಾಡಿದರು. 1546ರ ಫೆಬ್ರುವರಿಯಲ್ಲಿ ಲೂಥರ್ ತನ್ನ ಹುಟ್ಟೂರು ಐಸ್ಲೆಬೆನ್‌ನಲ್ಲಿ ತೀರಿಕೊಂಡಾಗ ಶವವನ್ನು ವಿಟೆನ್‌ಬರ್ಗ್‌ಗೆ ತಂದು ಪ್ರವಚನ ಪೀಠದ ಬಳಿ ಹೂಳಿದರು. 1560ರಲ್ಲಿ ಮೆಲಂಕ್ಟನ್‌ನನ್ನು ಎದುರು ಬದಿಯಲ್ಲಿ ಹೂಳಿದರು. ಕಟ್ಟಿಸಿದ ದೊರೆ, ಅವನ ಹಣದಿಂದ ಓದಿದ ಸನ್ಯಾಸಿ, ಗ್ರೀಕ್ ಮೇಷ್ಟರು ಮೂವರೂ ಒಂದೇ ನೆಲದಡಿ ಇದ್ದಾರೆ.

ವಿಶ್ವವಿದ್ಯಾಲಯದ ಕೀರ್ತಿ ಎಷ್ಟಿತ್ತೆಂದರೆ ಇಂಗ್ಲೆಂಡಿನ ನಾಟಕಕಾರರು ತಮ್ಮ ನಾಯಕರನ್ನೂ ಇಲ್ಲಿಗೇ ಓದಲು ಕಳಿಸಿದರು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ವಿಟೆನ್‌ಬರ್ಗ್‌ನ ವಿದ್ಯಾರ್ಥಿ. ಮಾರ್ಲೋನ ಡಾಕ್ಟರ್ ಫಾಸ್ಟಸ್ ಇಲ್ಲಿನ ವಿದ್ವಾಂಸ.

ಆಮೇಲೆ ಬಂತು 1760ರ ಅಕ್ಟೋಬರ್. ಏಳು ವರ್ಷಗಳ ಯುದ್ಧದಲ್ಲಿ ಪ್ರಷ್ಯನ್ನರ ಕೈಯಲ್ಲಿದ್ದ ಪಟ್ಟಣದ ಮೇಲೆ ಎದುರಾಳಿಗಳು ಗುಂಡಿನ ಮಳೆಗರೆದರು. ಚರ್ಚು ಹೊತ್ತಿ ಉರಿಯಿತು. ಮರದ ಬಾಗಿಲು, ಒಳಗಿನ ಚಿತ್ರಗಳು ಬೂದಿಯಾದವು. ಆ ಬಾಗಿಲಲ್ಲಿ ಮೊಳೆಯ ಗುರುತಿತ್ತೋ ಅಂಟಿನ ಕಲೆಯಿತ್ತೋ, ನೋಡಿ ತೀರ್ಮಾನಿಸಲು ಉಳಿದದ್ದು ಏನೂ ಇಲ್ಲ. 1770ರಲ್ಲಿ ಚರ್ಚು ಮತ್ತೆ ಎದ್ದಿತು. ಆದರೆ ನೆಪೋಲಿಯನ್ನನ ಯುದ್ಧಗಳು ವಿಶ್ವವಿದ್ಯಾಲಯವನ್ನೇ ನುಂಗಿದವು. 1813ರಲ್ಲಿ ಪಾಠ ನಿಂತಿತು. ಊರು ಪ್ರಷ್ಯದ ಪಾಲಾಯಿತು. 1817ರಲ್ಲಿ ವಿಶ್ವವಿದ್ಯಾಲಯವನ್ನು ಹಾಲೆ ನಗರದ ವಿಶ್ವವಿದ್ಯಾಲಯದ ಜೊತೆ ಸೇರಿಸಿಬಿಟ್ಟರು. ಲೂಥರನ ಹೇಳಿಕೆಗಳಿಗೆ ಮುನ್ನೂರು ವರ್ಷ ತುಂಬಿದ ವರ್ಷವೇ ಅವನ ಊರಿಗೆ ವಿಶ್ವವಿದ್ಯಾಲಯ ಇಲ್ಲವಾಯಿತು.

ಊರಿಗಾದ ನಷ್ಟಕ್ಕೆ ಪರಿಹಾರವೆಂಬಂತೆ ಪ್ರಷ್ಯದ ದೊರೆ ಅದೇ ವರ್ಷ ಒಂದು ಸೆಮಿನರಿ ಕೊಟ್ಟ. ಇದು ಸಾಮಾನ್ಯ ಕಾಲೇಜಲ್ಲ. ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದಿ ಮುಗಿಸಿದವರು ಸಭೆಗೆ ಹೋಗುವ ಮುನ್ನ ಪ್ರವಚನ ಮಾಡುವುದನ್ನೂ ಪಾಠ ಹೇಳುವುದನ್ನೂ ರೋಗಿಯ ಹಾಸಿಗೆಯ ಪಕ್ಕ ಕೂರುವುದನ್ನೂ ಕಲಿಯುವ ಶಾಲೆ. ನಮ್ಮಲ್ಲಿ ಬಿ.ಎಸ್ಸಿ. ಆದವರು ಬಿ.ಎಡ್. ಮಾಡುವಂತೆ ಎನ್ನಬಹುದು. ಅದೇ 1817ರಲ್ಲಿ ದೊರೆ ತನ್ನ ರಾಜ್ಯದ ಲೂಥರನ್ ಮತ್ತು ರಿಫಾರ್ಮ್ಡ್ ಪಂಗಡಗಳನ್ನು ಒಂದೇ ಆಡಳಿತಕ್ಕೆ ತರಲು ಹೊರಟಿದ್ದ. ಅಪ್ಪಟ ಲೂಥರನ್ನರಿಗೆ ಅದು ಹಿಡಿಸಲಿಲ್ಲ, ಆ ಮುನಿಸು ಬಹುಕಾಲ ನಡೆಯಿತು. ಮಂದಿರಕ್ಕೆ ಮಾತ್ರ ಹೊಸ ವಿದ್ಯಾರ್ಥಿಗಳು ಸಿಕ್ಕಿದರು.

ಈಗ ಪ್ರವಾಸಿಗಳು ಎದುರು ನಿಂತು ಫೋಟೊ ತೆಗೆಸಿಕೊಳ್ಳುವ ಬಾಗಿಲು 1858ರದು. ದೊರೆ ನಾಲ್ಕನೆಯ ಫ್ರೆಡರಿಕ್ ವಿಲ್ಹೆಲ್ಮ್‌ನ ಕೊಡುಗೆ, ಲೂಥರನ ಹುಟ್ಟುಹಬ್ಬವಾದ ನವೆಂಬರ್ 10ರಂದು ಅನಾವರಣಗೊಂಡಿತು. ಎರಡು ಕದಗಳೂ ಕಂಚಿನವು. 95 ಹೇಳಿಕೆಗಳನ್ನು ಲ್ಯಾಟಿನ್ನಿನಲ್ಲೇ ಎರಕ ಹೊಯ್ದಿದ್ದಾರೆ. ಇಂದು ಹಚ್ಚಿ ನಾಳೆ ಕಿತ್ತು ಬೇರೆ ಹಚ್ಚುತ್ತಿದ್ದ ನೋಟೀಸು ಹೀಗೆ ಶಾಸನವಾಯಿತು. ಹೊಸ ಮಾತು ಹಚ್ಚಲು ಆ ಬಾಗಿಲಲ್ಲಿ ಈಗ ಜಾಗವಿಲ್ಲ. 1885ರಿಂದ 1892ರವರೆಗೆ ವಾಸ್ತುಶಿಲ್ಪಿ ಫ್ರೆಡರಿಕ್ ಆಡ್ಲರ್ ಇಡೀ ಚರ್ಚನ್ನು ಸ್ಮಾರಕದಂತೆ ಬದಲಿಸಿದ. ದೂರದಿಂದಲೇ ಕಾಣುವ 88 ಮೀಟರ್ ಎತ್ತರದ ಗೋಪುರ ಅವನದೇ. ಅದರ ಕೊರಳ ಸುತ್ತ ಲೂಥರನ ಪ್ರಸಿದ್ಧ ಕೀರ್ತನೆಯ ಮೊದಲ ಸಾಲನ್ನು ಬಣ್ಣದ ಹರಳುಗಳಲ್ಲಿ ಬರೆಸಿದರು. 1892ರ ಅಕ್ಟೋಬರ್ 31ರಂದು ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಬಂದು ಉದ್ಘಾಟಿಸಿದ. ವೈಭವ ಹೆಚ್ಚಾಯಿತು ಎಂದು ಗೊಣಗಿದರೆ ತಪ್ಪಿಲ್ಲ.

ಮತ್ತೆ ಹೇಳಿಕೆಗಳು

ಎರಡನೆಯ ಮಹಾಯುದ್ಧದ ತರುವಾಯ ವಿಟೆನ್‌ಬರ್ಗ್ ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ ಉಳಿಯಿತು. ಸೆಮಿನರಿಯೂ ನಡೆಯಿತು. 1978ರಲ್ಲಿ ಫ್ರೆಡರಿಕ್ ಶೋರ್ಲೆಮರ್ ಅಲ್ಲಿಗೆ ಅಧ್ಯಾಪಕರಾಗಿ ಬಂದರು. ತರಗತಿಯಲ್ಲಿ ಪಾಠ, ಕೋಟೆಯ ಚರ್ಚಿನಲ್ಲಿ ಪ್ರವಚನ, ಎರಡೂ ಅವರ ಕೆಲಸ. ಲೂಥರನ ಕಾಲದ ಹಳೆಯ ಏರ್ಪಾಡೇ ಮತ್ತೆ ಬಂದಂತಾಗಿತ್ತು.

ಆ ದಿನಗಳಲ್ಲಿ ಖಡ್ಗವನ್ನು ಬಡಿದು ನೇಗಿಲು ಮಾಡುವ ಮನುಷ್ಯನ ಚಿತ್ರವಿದ್ದ ಬಟ್ಟೆಯ ಬಿಲ್ಲೆಯನ್ನು ಪೂರ್ವ ಜರ್ಮನಿಯ ಹುಡುಗ ಹುಡುಗಿಯರು ತೋಳಿಗೆ ಹೊಲಿದುಕೊಳ್ಳುತ್ತಿದ್ದರು. ಸರಕಾರಕ್ಕೆ ಅದು ಸಹಿಸಲಿಲ್ಲ. ಬಿಲ್ಲೆ ಧರಿಸಿದವರಿಗೆ ಶಾಲೆಯಲ್ಲಿ, ಬೀದಿಯಲ್ಲಿ ಕಾಟ ಶುರುವಾಯಿತು. ತಮಾಷೆಯೆಂದರೆ ಆ ಚಿತ್ರದ ಮೂಲ, ಸೋವಿಯತ್ ಒಕ್ಕೂಟವೇ 1959ರಲ್ಲಿ ವಿಶ್ವಸಂಸ್ಥೆಗೆ ಕಾಣಿಕೆ ಕೊಟ್ಟ ವಿಗ್ರಹ! 1983 ಲೂಥರನ ಐನೂರನೆಯ ಹುಟ್ಟುವರ್ಷ. ಸರಕಾರವೇ ಉತ್ಸವ ಸಮಿತಿ ಮಾಡಿತ್ತು. ದೇಶದ ಮುಖ್ಯಸ್ಥ ಎರಿಕ್ ಹೊನೆಕರ್ ಅದರ ಅಧ್ಯಕ್ಷ. ಸೆಪ್ಟೆಂಬರ್ 24ರ ರಾತ್ರಿ, ಕೋಟೆಯ ಚರ್ಚಿನಿಂದ ಒಂದು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ಲೂಥರನ ಮನೆಯ ಅಂಗಳದಲ್ಲಿ ಸ್ಟೆಫಾನ್ ನಾವ್ ಎಂಬ ಕಮ್ಮಾರ ಕುಲುಮೆ ಹೂಡಿದ. ಶೋರ್ಲೆಮರ್ ಮತ್ತು ಸಂಗಡಿಗರು ಏರ್ಪಡಿಸಿದ್ದ ಕೂಟ ಅದು. ನೆರೆದಿದ್ದ ಜನಸ್ತೋಮದ ಮುಂದೆ ಅವನು ನಿಜವಾದ ಖಡ್ಗವೊಂದನ್ನು ಕಾಸಿ, ಬಡಿದು, ನೇಗಿಲ ಗುಳ ಮಾಡಿದ. ಅತಿಥಿಯಾಗಿ ಬಂದಿದ್ದ ಪಶ್ಚಿಮ ಬರ್ಲಿನ್ನಿನ ಮೇಯರ್ ರಿಚರ್ಡ್ ಫಾನ್ ವೈಜ್‌ಸೆಕರ್ ಇದ್ದರು, ಪಶ್ಚಿಮದ ಕ್ಯಾಮೆರಾಗಳಿದ್ದವು. ಪೊಲೀಸರು ಕೈಕಟ್ಟಿ ನಿಲ್ಲಬೇಕಾಯಿತು. ವಿಟೆನ್‌ಬರ್ಗ್‌ನಲ್ಲಿ ಸುತ್ತಿಗೆಯ ಸದ್ದನ್ನು ಸಾವಿರಾರು ಜನ ಕಿವಿಯಾರೆ ಕೇಳಿದ್ದು ಆ ರಾತ್ರಿ.

1988ರ ಜೂನಿನಲ್ಲಿ ಹಾಲೆಯಲ್ಲಿ ನಡೆದ ಕ್ರೈಸ್ತ ಸಮಾವೇಶದಲ್ಲಿ ಶೋರ್ಲೆಮರ್ ಬಳಗ ದೇಶದ ಸುಧಾರಣೆಗಾಗಿ ಇಪ್ಪತ್ತು ಹೇಳಿಕೆಗಳನ್ನು ಮಂಡಿಸಿತು. ಲೂಥರನಂತೆ ಇವರದೂ ವಾದಕ್ಕೆ ಕರೆ. ಗುಪ್ತ ಪೊಲೀಸರ ಕಣ್ಣು ಅವರ ಮೇಲೆ ಸದಾ ಇತ್ತು. 1989ರ ಅಕ್ಟೋಬರಿನಲ್ಲಿ ಕೋಟೆಯ ಚರ್ಚಿನಲ್ಲಿ ‘ನವೀಕರಣದ ಪ್ರಾರ್ಥನೆ’ಗಳು ನಡೆದವು, ಜನ ಮೇಣದ ಬತ್ತಿ ಹಿಡಿದು ಬೀದಿಗಿಳಿದರು. ನವೆಂಬರ್ 4ರಂದು ಪೂರ್ವ ಬರ್ಲಿನ್ನಿನ ಅಲೆಕ್ಸಾಂಡರ್ ಚೌಕದ ಮಹಾಸಭೆಯಲ್ಲಿ ಈ ಸೆಮಿನರಿ ಮೇಷ್ಟರೂ ಮಾತನಾಡಿದರು. ಐದು ದಿನಗಳ ನಂತರ ಬರ್ಲಿನ್ ಗೋಡೆ ತೆರೆದುಕೊಂಡಿತು. 1993ರಲ್ಲಿ ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿ ಅವರಿಗೆ ಬಂತು. 2024ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

1996ರಲ್ಲಿ ಯುನೆಸ್ಕೋ ಈ ಚರ್ಚನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಐನೂರನೆಯ ವರ್ಷಕ್ಕೆ ಮುನ್ನ ದೊಡ್ಡ ದುರಸ್ತಿ ನಡೆದು, 2016ರ ಅಕ್ಟೋಬರ್ 2ರಂದು ಮತ್ತೆ ತೆರೆಯಿತು. ಡೆನ್ಮಾರ್ಕಿನ ರಾಣಿ ಎರಡನೆಯ ಮಾರ್ಗರೆಟ್ ಬಂದಿದ್ದರು. ತಾವೇ ವಿನ್ಯಾಸ ಮಾಡಿದ ಕೆಂಪು ವಸ್ತ್ರವನ್ನು ಬಲಿಪೀಠಕ್ಕೆ ಕೊಟ್ಟರು. ಸೆಮಿನರಿಯೂ ಈಗ ಕೋಟೆಯ ಆವರಣಕ್ಕೇ ಬಂದಿದೆ. ಪಕ್ಕದಲ್ಲೇ ಧರ್ಮ ಸುಧಾರಣೆಯ ಇತಿಹಾಸದ ಸಂಶೋಧನಾ ಗ್ರಂಥಾಲಯವಿದೆ. ಕಂಚಿನ ಬಾಗಿಲು ವಿಶೇಷ ದಿನಗಳಲ್ಲಷ್ಟೇ ತೆರೆಯುತ್ತದೆ. ಉಳಿದ ದಿನ ನೋಡಲು ಬಂದವರು ಅದರ ಮುಂದೆ ಫೋಟೊ ತೆಗೆಸಿಕೊಂಡು, ಸುತ್ತು ಹಾಕಿ, ಕೋಟೆಯ ಕಡೆಯಿಂದ ಒಳಗೆ ಹೋಗುತ್ತಾರೆ.